ಒಳಗಿನ ಹಿಡಿ

ನನ್ನ ಗಂಡನ ಬಲಗಾಲು ನಡುಗಲು ಶುರುವಾದಾಗ ಮೂರೂಕಾಲು ಗಂಟೆ. ಗಡಿಯಾರ ನೋಡಿದ್ದು ಯಾಕೆಂದರೆ ಆ ಪಿಕಪ್ಪಿನೊಳಗೆ ನೋಡಲು ಬೇರೇನೂ ಉಳಿದಿರಲಿಲ್ಲ. ಎಡಗಡೆ ನನ್ನ ಬಾಗಿಲಿಗೆ ಅಂಟಿಕೊಂಡು ಮಣ್ಣಿನ ಬರೆ, ದಾರಿಗೆಂದು ಗುಡ್ಡ ಕಡಿದ ಗೋಡೆ. ಬಲಗಡೆ ಅವರ ಬಾಗಿಲಿನಾಚೆ ಒಂದು ಮೊಳ ದಾರಿ, ಅದರಾಚೆ ಕಾಡು ಕೆಳಗೆ ಇಳಿದು ಹೋಗಿತ್ತು. ಮುಂದಿನ ಗಾಜು ನಮ್ಮಿಬ್ಬರ ಉಸಿರಿಗೆ ಮಂಜು ಹಿಡಿದಿತ್ತು. ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಕೆಜಿ ಹಂದಿಮಾಂಸ.

ಮರುದಿನ ಕೈಲ್ ಮುಹೂರ್ತ. ನಾಟಿ ಕೆಲಸ ಮುಗಿದ ಮೇಲೆ ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು ಪೂಜೆ ಮಾಡಿ, ಕಡುಬು ಹಂದಿಸಾರು ಉಣ್ಣುವ ಹಬ್ಬ. ಮಗಳು ಗಾನವಿ ಮಡಿಕೇರಿಯ ಹಾಸ್ಟೆಲಿನಿಂದ ಬೆಳಗಿನ ಬಸ್ಸಿಗೆ ಬರುವವಳಿದ್ದಳು. ಅದಕ್ಕೇ ನಾವಿಬ್ಬರೂ ಭಾಗಮಂಡಲಕ್ಕೆ ಹೋಗಿ ಮಾಂಸ, ಬೆಲ್ಲ, ಗ್ಯಾಸ್ ಸಿಲಿಂಡರು, ಜೊತೆಗೆ ತೋಟಕ್ಕೆ ಹನ್ನೆರಡು ಮೂಟೆ ಗೊಬ್ಬರ ಹೇರಿಕೊಂಡು ವಾಪಸ್ ಬರುತ್ತಿದ್ದೆವು.

ಟಾರು ರಸ್ತೆಯಿಂದ ನಮ್ಮ ಮನೆಗೆ ಒಂದೂಕಾಲು ಕಿಲೋಮೀಟರು ಮಣ್ಣುದಾರಿ. ಪೂರ್ತಿ ಇಳಿಜಾರು, ಮಧ್ಯೆ ಎಲ್ಲೂ ಸಮತಟ್ಟು ಅಂತ ಇಲ್ಲ. ಅರ್ಧ ದಾರಿಯಲ್ಲಿ ಒಂದು ಕೆಟ್ಟ ತಿರುವಿದೆ. ಅದಕ್ಕೆ ಹಲಸಿನ ತಿರುವು ಅಂತ ಹೆಸರು. ಅಲ್ಲಿದ್ದ ಹಲಸಿನ ಮರ ಕೆಲವು ವರ್ಷದ ಹಿಂದಿನ ದೊಡ್ಡ ಮಳೆಗೆ ಬರೆ ಜರಿದಾಗ ಬುಡಸಮೇತ ಹೋಯಿತು, ಹೆಸರು ಮಾತ್ರ ಉಳಿದಿದೆ. ನಾವು ಸಿಕ್ಕಿಕೊಂಡದ್ದು ಆ ತಿರುವಿಗೆ ಇಪ್ಪತ್ತು ಅಡಿ ಮೇಲೆ.

ಸಿಕ್ಕಿಕೊಂಡದ್ದು ಹೇಗೆ ಅಂದರೆ, ನಮ್ಮವರ ಡೀಸೆಲ್ ಉಳಿತಾಯದಿಂದ. ಸಾಂತಪ್ಪ ಅಂತ ಅವರ ಹೆಸರು. ಮೂವತ್ತು ವರ್ಷದಿಂದ ಈ ಗುಡ್ಡದಲ್ಲಿ ಗಾಡಿ ಓಡಿಸಿದವರು, ಅದನ್ನು ಅವರೇ ದಿನಕ್ಕೆರಡು ಸಲ ಹೇಳುತ್ತಾರೆ. ಇಳಿಜಾರು ಕಂಡರೆ ಸಾಕು, ಗೇರ್ ತೆಗೆದು ನ್ಯೂಟ್ರಲ್ ಮಾಡಿಬಿಡುತ್ತಾರೆ. ನಮ್ಮ ಕಡೆಯ ಹಳೇ ಜೀಪಿನವರಿಗೆಲ್ಲ ಇದೊಂದು ಚಟ. ಇಂಜಿನ್ ಸುಮ್ಮನೆ ಗೊಣಗುತ್ತಿರುತ್ತದೆ, ಗಾಡಿ ತನ್ನ ಪಾಡಿಗೆ ಉರುಳುತ್ತದೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇವರು ದೊಡ್ಡ ಲಾಭ ಮಾಡಿದವರ ಹಾಗೆ ಕೂತಿರುತ್ತಾರೆ. ಇವರು ಇಲ್ಲಿಯವರೆಗೆ ಉಳಿಸಿದ ಡೀಸೆಲ್ಲಿನಲ್ಲಿ ನಾವು ಕಾಶಿಗೆ ಹೋಗಿ ಬರಬಹುದಿತ್ತು. ಹೋಗಿಲ್ಲ.

ಮೂರು ದಿನ ಬಿಡದೆ ಸುರಿದ ಮಳೆಗೆ ದಾರಿಯ ಕೆಂಪುಮಣ್ಣು ಬೆಣ್ಣೆಯಾಗಿತ್ತು. ತಿರುವು ಹತ್ತಿರ ಬಂದಾಗ ಇವರು ಬ್ರೇಕ್ ಒತ್ತಿದರು. ಚಕ್ರ ನಿಂತಿತು. ಗಾಡಿ ನಿಲ್ಲಲಿಲ್ಲ. ಸೋಪು ಚೆಲ್ಲಿದ ಬಚ್ಚಲಲ್ಲಿ ಕಾಲಿಟ್ಟಂತೆ ಇಡೀ ಪಿಕಪ್ಪು ಸದ್ದಿಲ್ಲದೆ ಜಾರಿತು. ಇವರು ಗಾಬರಿಯಲ್ಲಿ ಗೇರ್ ತುರುಕಿದರು, ಗಾಡಿ ಒಮ್ಮೆ ಜಗ್ಗಿ ಇಂಜಿನ್ ಆಫ್ ಆಯಿತು. ಮೂತಿ ಎಡಕ್ಕೆ ಹೋಗಿ ಬರೆಗೆ ಗುದ್ದಿತು, ನನ್ನ ಬಾಗಿಲು ಉದ್ದಕ್ಕೂ ಮಣ್ಣು ಕೆರೆಯಿತು, ಹಿಂಭಾಗ ಬಲಕ್ಕೆ ವಾಲಿ ನಿಂತಿತು. ಇವರು ಗಾಜು ಇಳಿಸಿ ತಲೆ ಹೊರಗೆ ಹಾಕಿ ಹಿಂದಿನ ಚಕ್ರ ನೋಡಿದರು. ತಲೆ ಒಳಗೆ ತಂದಾಗ ಮುಖದಲ್ಲಿ ರಕ್ತ ಇರಲಿಲ್ಲ.

"ಎಷ್ಟ್ ಉಟ್ಟು?" ಅಂತ ಕೇಳಿದೆ.

"ನಾಲ್ಕ್ ಬೆರಳ್ ಉಟ್ಟು."

ಬಲಗಡೆಯ ಹಿಂದಿನ ಚಕ್ರಕ್ಕೂ ದಾರಿಯ ಅಂಚಿಗೂ ನಡುವೆ ನಾಲ್ಕು ಬೆರಳು.

ನಮ್ಮ ಗಾಡಿಯ ಹ್ಯಾಂಡ್‌ಬ್ರೇಕಿನ ಕಥೆ ಹೇಳುವ ಹಾಗೇ ಇಲ್ಲ. ಎಳೆದರೆ ಬಾವಿಯ ಹಗ್ಗದ ಹಾಗೆ ಬರುತ್ತಲೇ ಇರುತ್ತದೆ, ಕೊನೆಗೆ ಕೊಡಪಾನ ಮಾತ್ರ ಬರುವುದಿಲ್ಲ. ಎರಡು ವೈಪರಿನಲ್ಲಿ ಓಡುವುದು ಒಂದು. ಡ್ರೈವರ್ ಬಾಗಿಲಿಗೆ ಒಳಗಿನ ಹಿಡಿಯೇ ಇಲ್ಲ, ಅದಿರಬೇಕಾದ ಜಾಗದಲ್ಲಿ ಎರಡು ಸ್ಕ್ರೂ ತೂತು ಮಾತ್ರ. ಇಳಿಯಬೇಕಾದರೆ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ಎಳೆಯಬೇಕು. ಮೊದಲಿದ್ದ ಜೀಪಿನದ್ದೂ ಹೀಗೇ ಇತ್ತು. ಕೇಳಿದಾಗಲೆಲ್ಲ "ಮುರ್ದ್ ಹೋಗುಟ್ಟು, ಹಾಕ್ಸುವ" ಅನ್ನುತ್ತಾರೆ. ಮದುವೆ ಮನೆಯ ಮುಂದೆ ಎಲ್ಲರೂ ಠೀವಿಯಿಂದ ಕಾರಿಳಿಯುವಾಗ ನನ್ನ ಗಂಡ ಕಿಟಕಿಯಿಂದ ಕೈ ಹಾಕಿ ತಡಕಾಡುವುದನ್ನು ನೋಡಿ ನಾನೆಷ್ಟು ಸಲ ನೆಲ ನೋಡಿದ್ದೇನೋ.

ಹಾಗಾಗಿ ಈಗ ಆರುನೂರು ಕಿಲೋ ಗೊಬ್ಬರ, ಒಂದು ಸಿಲಿಂಡರು, ನಾನು, ಅವರು, ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಅವರ ಬಲಗಾಲೊಂದೇ. ಇಂಜಿನ್ ಆಫ್ ಆದರೆ ಬ್ರೇಕಿನ ಪೆಡಲು ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಎರಡರಷ್ಟು ಬಲ ಹಾಕಬೇಕು. ಒಮ್ಮೆ ಸ್ವಲ್ಪ ಸಡಿಲ ಬಿಟ್ಟು ನೋಡಿದರು. ಗಾಡಿ ಒಂದು ಗೇಣು ಜಾರಿತು, ನಾಲ್ಕು ಬೆರಳು ಮೂರಾಯಿತು. ಆಮೇಲೆ ಸಡಿಲ ಬಿಡಲಿಲ್ಲ.

ನಾನು ಫೋನ್ ತೆಗೆದೆ. ಒಂದು ಕಡ್ಡಿಯೂ ಇಲ್ಲ. ನನ್ನ ಕಡೆಯ ಗಾಜು ಇಳಿಸಿದರೆ ಸಿಕ್ಕಿದ್ದು ಒದ್ದೆ ಜರಿಗಿಡ. ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗೆ ಮನೆಯಲ್ಲಿ ನಮ್ಮ ನಾಯಿ ಮಾತ್ರ ಇತ್ತು. ಅದು ಬೊಗಳಿತು.

ಇಷ್ಟು ಹೊತ್ತಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳದೆ ಕೂತಿದ್ದೆ.

ಆ ಪಿಕಪ್ಪನ್ನು ಮೂರು ವರ್ಷದ ಹಿಂದೆ ಅಮ್ಮತ್ತಿಯ ಒಂದು ಎಸ್ಟೇಟಿನಿಂದ ತಂದದ್ದು. ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರು. ಎಸ್ಟೇಟಿನ ಡ್ರೈವರು ಕುಟ್ಟಪ್ಪ ಗಾಡಿ ಕೊಡುವ ಮೊದಲು ಅದನ್ನು ಕಲಿಸಿಕೊಡುತ್ತೇನೆ ಅಂತ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಇವರು "ಅದೆಲ್ಲ ನಂಗೆ ಗೊತ್ತುಟ್ಟು" ಅಂತ ಇಳಿದು ಟೈರು ಒದ್ದು ನೋಡುತ್ತಾ ನಿಂತರು. ಕಲಿತದ್ದು ನಾನು.

"ಅಕ್ಕಾ, ಇದು ಫೋರ್ ಎಲ್," ಅಂದಿದ್ದ ಕುಟ್ಟಪ್ಪ. "ಲೋ. ನಾಲ್ಕು ಚಕ್ರಕ್ಕೂ ಇಂಜಿನ್ ಬಲ ಹೋಗ್ತದೆ. ಇದು ಸ್ಪೀಡಿಗೆ ಅಲ್ಲ, ಬಲಕ್ಕೆ. ಓಡ್ತಾ ಇರುವಾಗ ಹಾಕ್ಬಾರ್ದು. ಗಾಡಿ ಪೂರ್ತಿ ನಿಲ್ಬೇಕು. ಕ್ಲಚ್ ತುಳೀಬೇಕು, ಗೇರ್ ನ್ಯೂಟ್ರಲ್ ಮಾಡ್ಬೇಕು, ಆಮೇಲೆ ಇದನ್ನ ಅಳುಕದೆ ಎಳೀಬೇಕು. ಹಲ್ಲು ಕೂರ್ಲಿಲ್ಲಾಂದ್ರೆ ಗಾಡೀನ ಒಂದು ಅಂಗೈಯಷ್ಟು ಉರುಳ್ಲಿಕ್ಕೆ ಬಿಡಿ, ಕೂರ್ತದೆ. ಆಮೇಲೆ ಫಸ್ಟ್ ಗೇರ್. ಕ್ಲಚ್ ಬಿಡಿ. ಬ್ರೇಕೂ ಬಿಡಿ. ಇಳಿಯುವಾಗ ಎರಡೂ ಮುಟ್ಬೇಡಿ. ಇಂಜಿನ್ನೇ ಹಿಡ್ಕೊಳ್ತದೆ."

ಹೇಳಿ ಕಣದ ಪಕ್ಕದ ಇಳಿಜಾರಿಗೆ ಗಾಡಿ ತಿರುಗಿಸಿದ. ನಾನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ. ಅವನು ನಗುತ್ತಾ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಬಿಟ್ಟ. ಗಾಡಿ ಗಬ್ಬದ ಎಮ್ಮೆಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಕೆಳಗಿಳಿಯಿತು. ಚಕ್ರ ಒಮ್ಮೆಯೂ ಕಚ್ಚಿ ನಿಲ್ಲಲಿಲ್ಲ, ಅದಕ್ಕೇ ಜಾರಲೂ ಇಲ್ಲ. ಬ್ರೇಕ್ ಒತ್ತಿ ಚಕ್ರ ನಿಲ್ಲಿಸಿದರೇ ಜಾರುವುದು ಅಂತ ನನಗೆ ಅರ್ಥವಾದದ್ದು ಆವತ್ತು.

ಗಾಡಿ ಮನೆಗೆ ತಂದ ಮೊದಲ ವಾರವೇ ಇವರು ಓಡುತ್ತಿರುವಾಗ ಆ ಲಿವರು ಎಳೆದರು. ಕರಕರ ಅಂತ ಕಬ್ಬಿಣ ಅಗಿದ ಸದ್ದು ಬಂತು. "ಇದ್ ಹಾಳಾಗುಟ್ಟು" ಅಂತ ತೀರ್ಮಾನ ಮಾಡಿದರು. ಅಲ್ಲಿಂದ ಅದು ಇವರ ಟವೆಲು ನೇತುಹಾಕುವ ಗೂಟ. ನಾನು ಕುಟ್ಟಪ್ಪನ ಮಾತು ಎರಡು ಸಲ ಎತ್ತಿದೆ, ಎರಡು ಸಲವೂ ಮೂವತ್ತು ವರ್ಷದ ಅನುಭವ ನನ್ನ ಬಾಯಿ ಮುಚ್ಚಿಸಿತು. ಸರಿ, ನೇತುಹಾಕಿ ಅಂತ ಬಿಟ್ಟೆ.

ಆದರೆ ಈಗ, ಇವರ ಕಾಲು ನಡುಗುವಾಗ, ನನ್ನ ಬಾಯಿ ಮುಚ್ಚಿಸಿದ್ದು ಇವರ ಅನುಭವ ಅಲ್ಲ. ಕುಟ್ಟಪ್ಪನ ಪಾಠದ ಕೊನೆಯ ಮಾತು. ಬ್ರೇಕ್ ಬಿಡಿ. ಅದನ್ನು ಹೇಳಿದರೆ ಇವರ ಕಾಲು ಬಿಡುವಾಗುತ್ತದೆ ಅಂತ ನನಗೆ ಗೊತ್ತಿತ್ತು. ಕಾಲು ಬಿಡುವಾದ ಮನುಷ್ಯ ಏನು ಮಾಡುತ್ತಾನೆ ಅಂತಲೂ ಗೊತ್ತಿತ್ತು. ಇದೇ ತಿರುವಿನಲ್ಲಿ ಒಮ್ಮೆ ನೋಡಿದ್ದೇನೆ.

ಹತ್ತೊಂಬತ್ತು ವರ್ಷದ ಹಿಂದೆ. ಗಾನವಿ ಎಂಟು ತಿಂಗಳ ಕೂಸು, ನನ್ನ ಮಡಿಲಲ್ಲಿ ನಿದ್ದೆ ಮಾಡಿದ್ದಳು. ಆಗ ಇದ್ದದ್ದು ಜೀಪು. ಇದೇ ಮಳೆ, ಇದೇ ನ್ಯೂಟ್ರಲ್ಲು. ಜೀಪು ಜಾರಿತು. ಬಾಗಿಲು ತೆರೆದ ಸದ್ದು ಕೇಳಿ ಬಲಕ್ಕೆ ತಿರುಗಿದರೆ ಸೀಟು ಖಾಲಿ. ಸ್ಟೇರಿಂಗ್ ತಾನೇ ಅತ್ತಿತ್ತ ಆಡುತ್ತಿತ್ತು. ನಾನು ಕೂಸಿನ ಮೇಲೆ ಬಗ್ಗಿ ಕಣ್ಣು ಮುಚ್ಚಿಕೊಂಡೆ. ಜೀಪು ಹೋಗಿ ಆ ಹಲಸಿನ ಮರಕ್ಕೆ ಗುದ್ದಿ ನಿಂತಿತು. ನನ್ನ ಹಣೆ ಒಡೆಯಿತು. ಗಾನವಿ ಎಚ್ಚರವೂ ಆಗಲಿಲ್ಲ.

ಇವರು ಮೇಲಿಂದ ಓಡಿ ಬಂದರು. ಅಳುತ್ತಿದ್ದರು. ಊರವರೆಲ್ಲ ಸೇರಿದಾಗ, "ಬಾಗ್ಲ್ ತಾನೇ ತೆಗ್ದ್ ನನ್ನ ಎಸ್ದ್ ಬಿಡ್ತ್" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದು ಅಂದೆ. ಆಮೇಲೆ ಆ ವಿಷಯ ನಮ್ಮಿಬ್ಬರ ಮಧ್ಯೆ ಬರಲೇ ಇಲ್ಲ.

ಇವರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾನವಿಯನ್ನು ಮಲಗಿಸುತ್ತಿದ್ದದ್ದು ಇವರೇ. ನನಗೆ ಟೈಫಾಯಿಡ್ ಬಂದಾಗ ತಿಂಗಳಿಡೀ ಅಡಿಗೆ ಮಾಡಿ ಹಾಕಿದವರು. ಆದರೆ ಆ ಖಾಲಿ ಸೀಟು ನನ್ನ ಕಣ್ಣಿಂದ ಹೋಗಲಿಲ್ಲ. ಅದರ ಪಕ್ಕದಲ್ಲೇ ಹತ್ತೊಂಬತ್ತು ವರ್ಷ ಕೂತು ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿ ಬಂದಿದ್ದೇನೆ. ಇಳಿಜಾರು ಬಂದಾಗಲೆಲ್ಲ ಮೈ ಬಿಗಿಯಾಗುತ್ತಿತ್ತು.

ಈಗ ಇವರ ಬಲಗೈ ಇಳಿಸಿದ್ದ ಗಾಜಿನ ಮೇಲಿಂದ ಅರ್ಧ ಹೊರಗಿತ್ತು. ಮಳೆ ಅದರ ಮೇಲೆ ಬೀಳುತ್ತಿತ್ತು. ಹೊರಗಿನ ಹಿಡಿಗೂ ಆ ಬೆರಳಿಗೂ ಹೆಚ್ಚೆಂದರೆ ಒಂದು ಗೇಣು. ಇವರು ಹಾರಿದರೆ ಆ ಒಂದು ಮೊಳ ದಾರಿಯಲ್ಲಿ ನಿಲ್ಲಬಹುದು. ನನ್ನ ಬಾಗಿಲು ಬರೆಗೆ ಅಂಟಿದೆ. ಮುಂದೆ ಹಲಸಿನ ಮರವೂ ಇಲ್ಲ. ನಾನು ನೋಡುತ್ತಿದ್ದದ್ದು ನಡುಗುವ ಕಾಲನ್ನಲ್ಲ, ಆ ಕೈಯನ್ನು.

"ದಮಯಂತಿ," ಅಂದರು ಇವರು. "ನೀ ಇಳಿ."

"ಎಲ್ಲಿಂದ ಇಳಿಯುದು? ಬರೆ ಕೊರ್ದಾ?"

"ನನ್ನ ಮೇಲಿಂದ ದಾಟಿ ಬಾ. ಈ ಬಾಗ್ಲಲ್ಲಿ ಇಳಿ. ನಾ ಬ್ರೇಕ್ ಹಿಡ್ಕಂಡಿರ್ತೆ."

"ಮತ್ತೆ ನೀವ್?"

ನನಗೆ ಸಿಟ್ಟು ನೆತ್ತಿಗೇರಿತು. ಹತ್ತೊಂಬತ್ತು ವರ್ಷ ತಡವಾಗಿ ಬಂದ ಈ ದೊಡ್ಡತನ ನನಗೆ ಬೇಕಿರಲಿಲ್ಲ. ಜೊತೆಗೆ ಅದು ನಿಜವೋ, ನಾನು ಅಲ್ಲಾಡಿದಾಗ ಇವರಿಗೆ ಹಾರಲು ಒಂದು ನೆಪ ಸಿಗಲಿ ಅಂತಲೋ ಎಂಬ ಕೊಳಕು ಯೋಚನೆಯೂ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ. ಆದರೂ ಮಾಂಸದ ಚೀಲ ಕೆಳಗಿಟ್ಟು ಒಂದು ಮಂಡಿ ಸೀಟಿನ ಮೇಲೆ ಊರಿದೆ. ನನ್ನ ಭಾರ ಬಲಕ್ಕೆ ಹೋದದ್ದೇ ತಡ, ಹಿಂದೆ ಕೆಳಗಡೆ ಮಣ್ಣು ಪುಸಕ್ಕನೆ ಕುಸಿಯಿತು. ಗಾಡಿ ಇನ್ನೊಂದು ಗೇಣು ಜಾರಿತು. ಇವರು "ಅಯ್ಯೋ" ಅಂತ ಎರಡೂ ಕಾಲು ಬ್ರೇಕಿನ ಮೇಲೆ ಹಾಕಿದರು. ನಾನು ಮೊದಲಿನ ಜಾಗದಲ್ಲೇ ಬಿದ್ದುಕೊಂಡೆ.

ಮುಂದಿನ ಗಾಜು ಬೆಳ್ಳಗಾಗಿ ದಾರಿಯೇ ಕಾಣುತ್ತಿರಲಿಲ್ಲ. ಏನು ನಡೆಯುತ್ತದೋ ಅದನ್ನು ಕಣ್ಣಿಂದಲಾದರೂ ನೋಡೋಣ ಅಂತ ಗಾಜು ಒರೆಸಲು ಬಟ್ಟೆ ಹುಡುಕಿದೆ. ನನ್ನ ಮುಂದಿನ ಡಬ್ಬಿ ತೆಗೆದೆ. ಹಳೇ ಇನ್ಶೂರೆನ್ಸ್ ಕಾಗದ, ಬೀಡಿ ಕಟ್ಟು, ಒಂದು ಸ್ಪ್ಯಾನರು. ಎಲ್ಲದರ ಹಿಂದೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಒಳಗೆ ಎರಡು ಹಿಡಿ.

ಒಂದು ಕಪ್ಪು ಪ್ಲಾಸ್ಟಿಕ್ಕಿನದು, ಈ ಪಿಕಪ್ಪಿನದು. ನನ್ನ ಬಾಗಿಲಲ್ಲಿದ್ದ ಹಿಡಿಯ ಜೋಡಿ ಅದು. ಇನ್ನೊಂದು ಉದ್ದದ ಕಬ್ಬಿಣದ್ದು. ಅದನ್ನು ನೋಡಿ ಎಷ್ಟೋ ವರ್ಷವಾಗಿದ್ದರೂ ಗುರುತು ಸಿಕ್ಕಿತು. ಜೀಪಿನದು. ಎರಡೂ ಮುರಿದಿರಲಿಲ್ಲ. ಒಂದು ಗೀರೂ ಇರಲಿಲ್ಲ. ಸ್ಕ್ರೂಗಳು ಬೇರೆಯಾಗಿ ಒಂದು ಕಾಗದದಲ್ಲಿ, ಎಣ್ಣೆ ಹಚ್ಚಿ ಇಟ್ಟಿದ್ದವು.

"ಮುರ್ದ್ ಹೋಗುಟ್ಟು ಹೇಳಿದ್ದಲ್ಲ ನೀವ್?"

ಇವರು ನನ್ನ ಕೈ ನೋಡಿದರು. ಕಣ್ಣು ಅಲ್ಲೇ ನಿಂತಿತು. ಹಣೆಯ ಬೆವರು ಹುಬ್ಬಿನ ಮೇಲೆ ಕೂತಿತ್ತು, ಒರೆಸಿಕೊಳ್ಳಲಿಲ್ಲ.

"ಮುರ್ದಿಲ್ಲೆ," ಅಂದರು. "ನಾನೇ ಬಿಚ್ಚಿದ್."

"ಯಾಕೆ?"

"ಹಿಡಿ ಇದ್ರೆ ಕೈ ಹೋಗ್ತದೆ."

ನಾನು ಕಬ್ಬಿಣದ ಹಿಡಿಯನ್ನು ತಿರುಗಿಸಿ ನೋಡಿದೆ.

"ಆ ದಿನ ನಾ ಯೋಚ್ನೆ ಮಾಡಿ ಹಾರಿದ್ದಲ್ಲ, ದಮಯಂತಿ. ದೇವ್ರಾಣೆ. ಜಾರ್ತ್, ಕೈ ಹೋತ್. ನೋಡ್ರೆ ನಾ ಹೊರಗೆ ಇದ್ದೆ. ನೀ, ಕೂಸ್, ಇಬ್ರೂ ಒಳಗೆ." ಇವರು ಬ್ರೇಕನ್ನು ಇನ್ನೊಮ್ಮೆ ಒತ್ತಿ ಹಿಡಿದರು. "ಗ್ಯಾರೇಜಿಂದ ಜೀಪ್ ಬಂದ ದಿನವೇ ಬಿಚ್ಚಿ ತೆಗ್ದೆ. ಈ ಕೈನ ನಂಬಿಕೆ ಆಕಿಲೆ. ಗಾಜ್ ಇಳ್ಸಿ, ಹೊರಗೆ ಕೈ ಹಾಕಿ ತೆಗಿಯುವಷ್ಟರಲ್ಲಿ ಬುದ್ಧಿ ಬರ್ತದೆ ಅಂತ."

"ನಂಗೆ ಒಂದ್ ಮಾತ್ ಹೇಳ್ಲಿಕ್ಕೆ ಎಂತ ಆಗಿತ್ತ್?"

"ಎಂತ ಹೇಳುದು? ನೀ ಹೌದು ಅಂದಿದ್ದಲ್ಲ."

ಅದು ನನಗೆ ತಾಗಿತು. ಊರೆಲ್ಲ ಸೇರಿದ್ದಾಗ ಇವರ ಮಾನ ಉಳಿಸಿದೆ ಅಂತ ನಾನು ಹೆಮ್ಮೆಪಟ್ಟುಕೊಂಡಿದ್ದೆ. ಇವರ ಮಟ್ಟಿಗೆ ಅದು ಬಾಯಿಗೆ ಹಾಕಿದ ಬೀಗವಾಗಿತ್ತು. ನಾನು ನಾಚಿಕೆಪಟ್ಟು ನೆಲ ನೋಡುತ್ತಿದ್ದ ಆ ಮದುವೆ ಮನೆಗಳಲ್ಲಿ, ಈ ಮನುಷ್ಯ ತನ್ನ ಕೈಗೆ ತಾನೇ ಹಾಕಿಕೊಂಡ ಶಿಕ್ಷೆಯನ್ನು ಎಲ್ಲರ ಎದುರಲ್ಲಿ ಅನುಭವಿಸುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡಕ್ಕೂ ಆಗ ಪುರುಸೊತ್ತು ಇರಲಿಲ್ಲ.

ಗಾಜು ಒರೆಸಿದೆ. ಲಿವರಿನ ಮೇಲಿದ್ದ ಟವೆಲು ಎತ್ತಿ ಹಿಂದಕ್ಕೆ ಎಸೆದೆ.

"ನಾ ಹೇಳಿದ ಹಾಗೆ ಮಾಡಿ. ಒಂದ್ ಸಲ ಮೂವತ್ತ್ ವರ್ಷನ ಬದಿಗಿಡಿ," ಅಂದೆ. ಕುಟ್ಟಪ್ಪನ ಪಾಠ ಪೂರ್ತಿ ಹೇಳಿದೆ. ಇವರು ಎದುರಾಡದೆ ಕೇಳಿದರು. ಕೊನೆಯ ಮಾತಿಗೆ ಬಂದಾಗ ಮಾತ್ರ ಮುಖ ಎತ್ತಿದರು.

"ಬ್ರೇಕಿಂದ ಕಾಲ್ ತೆಗಿಯುದಾ?"

"ತೆಗೀಬೇಕು."

"ಹೋದ್ರೆ?"

"ಹೋದ್ರೆ ಇಬ್ರೂ ಹೋಗುವ."

ಇವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನಾನು ಹೇಳದೇ ಇದ್ದ ಒಂದು ಕೆಲಸ ಮಾಡಿದರು. ಹೊರಗಿದ್ದ ಕೈಯನ್ನು ಒಳಗೆ ತೆಗೆದುಕೊಂಡು, ಒದ್ದೆ ಬೆರಳನ್ನು ಅಂಗಿಗೆ ಒರೆಸಿ, ಗಾಜಿನ ಹ್ಯಾಂಡಲು ತಿರುಗಿಸಿದರು. ಗಾಜು ಕಿರ್ ಕಿರ್ ಅಂತ ಮೇಲೆ ಬಂದು, ಕೊನೆಯ ಒಂದು ಬೆರಳಿನ ಸಂದೂ ಮುಚ್ಚಿತು. ಮಳೆಯ ಸದ್ದು ದೂರ ಹೋಯಿತು. ಈಗ ಆ ಬಾಗಿಲಿನಿಂದ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

"ಹೇಳ್," ಅಂದರು.

"ಒಂದ್ ಕಾಲ್ ಬ್ರೇಕಲ್ಲೇ ಇರ್ಲಿ. ಇನ್ನೊಂದ್ ಕ್ಲಚ್ಚಿಗೆ. ಗೇರ್ ನ್ಯೂಟ್ರಲ್ ಮಾಡಿ. ಸ್ಟಾರ್ಟ್ ಮಾಡಿ."

ಇಂಜಿನ್ ಎದ್ದಿತು. ಪೆಡಲು ಸ್ವಲ್ಪ ಮೆತ್ತಗಾಯಿತೋ ಏನೋ, ಇವರ ಬಾಯಿಂದ ಒಂದು ನಿಟ್ಟುಸಿರು ಬಂತು. ನಾನು ಗಿಡ್ಡ ಲಿವರನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ಅರ್ಧಕ್ಕೆ ಬಂದು ಕಟಕ್ ಅಂತ ನಿಂತಿತು. ಇನ್ನೊಮ್ಮೆ ಎಳೆದೆ. ಒಳಗೆ ಹಲ್ಲಿಗೆ ಹಲ್ಲು ತಾಗಿ ನಿಂತಿದೆ, ಕೂರುತ್ತಿಲ್ಲ. ಆ ಲಿವರು ನಡುವೆ ನಿಂತಾಗ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧವೇ ಇರುವುದಿಲ್ಲ. ಗಾಡಿ ಪೂರ್ತಿ ಆ ಕಾಲಿನ ಮೇಲೆ.

"ಗಾಡಿನ ಒಂದ್ ಅಂಗೈಯಷ್ಟು ಉರುಳ್ಲಿಕ್ಕೆ ಬಿಡೋಕು," ಅಂದೆ. "ಅಷ್ಟೇ. ಆಮೇಲೆ ಹಿಡೀರಿ."

"ಆಕಿಲೆ."

"ಆಗ್ತದೆ."

"ಕಾಲ್ ಬರುದಿಲ್ಲೆ ದಮಯಂತಿ. ಅಲ್ಲೇ ಅಂಟಿಕೊಂಡುಟ್ಟು."

ನಿಜಕ್ಕೂ ಆ ಕಾಲು ಅವರ ಮಾತು ಕೇಳುತ್ತಿರಲಿಲ್ಲ. ತೊಡೆ ಗಟ್ಟಿಯಾಗಿ ಮರದ ದಿಮ್ಮಿಯಂತಾಗಿತ್ತು. ನಾನು ಒಂದು ಕೈ ಲಿವರಿನಿಂದ ತೆಗೆದು ಇವರ ಮಂಡಿಯ ಮೇಲಿಟ್ಟೆ.

"ಗಾನವಿನ ಮಲಗ್ಸಿ ಆದ್ಮೇಲೆ ಅವ್ಳ ತಲೆ ಅಡಿಯಿಂದ ಕೈ ಹೆಂಗೆ ತೆಗೀತಿದ್ರಿ?"

ಇವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆ ಕೂಸು ಎಂಥದ್ದೆಂದರೆ, ಕೈ ಸರಕ್ಕನೆ ಎಳೆದರೆ ಎದ್ದು ಮನೆ ಒಂದು ಮಾಡುತ್ತಿತ್ತು. ಇವರು ಉಸಿರು ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೈ ಸರಿಸುತ್ತಾ ಒಂದೊಂದು ಸಲ ಅರ್ಧ ಗಂಟೆ ಕೂತಿರುತ್ತಿದ್ದರು. ನನಗೆ ಆ ತಾಳ್ಮೆ ಯಾವತ್ತೂ ಬರಲಿಲ್ಲ.

ಇವರ ಮಂಡಿ ನನ್ನ ಅಂಗೈ ಕೆಳಗೆ ಸಡಿಲವಾಗುವುದು ಗೊತ್ತಾಯಿತು. ತುಸು. ಇನ್ನೂ ತುಸು. ಗಾಡಿ ಒಮ್ಮೆ ನರಳಿತು, ಉರುಳಿತು. ನಾನು ಲಿವರಿನ ಮೇಲೆ ಮೈಭಾರವನ್ನೆಲ್ಲ ಹಾಕಿದೆ. ಒಳಗೆಲ್ಲೋ ಕೆಳಗೆ ಧಡ್ ಅಂತ ಏನೋ ಕೂತಿತು. ಮೀಟರಿನ ಪಕ್ಕ ಮೂರು ವರ್ಷದಲ್ಲಿ ನಾವು ಒಮ್ಮೆಯೂ ನೋಡದ ಒಂದು ಸಣ್ಣ ಹಳದಿ ದೀಪ ಹೊತ್ತಿತು.

"ಕೂತ್ಕೊಂಡಿತು! ಹಿಡೀರಿ, ಹಿಡೀರಿ. ಈಗ ಫಸ್ಟ್. ಕ್ಲಚ್ ನಿಧಾನ ಬಿಡಿ."

ಬಿಟ್ಟರು. ಇಂಜಿನ್ನಿನ ಸದ್ದು ದಪ್ಪವಾಯಿತು.

"ಈಗ ಬ್ರೇಕು."

ಕಾಲು ಮೇಲೆ ಬಂತು. ಇವರು ಎರಡೂ ಪಾದಗಳನ್ನು ಹಿಂದಕ್ಕೆಳೆದು ಸೀಟಿನ ಅಡಿಗೆ ಒತ್ತಿ ಹಿಡಿದರು. ಗಾಡಿ ಹೊರಟಿತು. ಓಡಲಿಲ್ಲ, ಜಾರಲಿಲ್ಲ, ನಡೆಯಿತು. ಬರೆಯಿಂದ ನನ್ನ ಬಾಗಿಲು ಕೆರೆಯುತ್ತಾ ಬಿಡಿಸಿಕೊಂಡಿತು. ನಾನು ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಹಿಂದಿನ ಅಂಚು ಕುಸಿಯಿತು. ನನ್ನ ಬೆನ್ನ ಹಿಂದೆ ಬಲಗಡೆ ಪೂರ್ತಿ ಕೆಳಗೆ ಹೋದಂತಾಯಿತು. ಗೊಬ್ಬರದ ಮೂಟೆಗಳು ದಬದಬ ಅಂತ ಒಂದು ಕಡೆ ಬಿದ್ದವು.

ಇವರ ಬಲಗೈ ಹೋಯಿತು.

ನಾನು ಕಣ್ಣಾರೆ ಕಂಡೆ. ಸ್ಟೇರಿಂಗಿನಿಂದ ಚಿಮ್ಮಿ, ಇವರ ಕಣ್ಣು ಮುಂದಿನ ದಾರಿಯ ಮೇಲಿರುವಾಗಲೇ, ಆ ಕೈ ಬಾಗಿಲಿಗೆ ಹೋಯಿತು. ಬೆರಳುಗಳು ಆ ಎರಡು ಸ್ಕ್ರೂ ತೂತಿನ ಮೇಲೆ ಹಿಡಿಗಾಗಿ ತಡಕಿದವು, ಗೀಚಿದವು. ಏನೂ ಸಿಗಲಿಲ್ಲ. ವಾಪಸ್ ಬಂದು ಸ್ಟೇರಿಂಗ್ ಹಿಡಿದವು.

"ಆಕ್ಸಿಲೇಟರ್!" ಅಂತ ಕಿರುಚಿದೆ. "ಸ್ವಲ್ಪ ಕೊಡಿ, ಬ್ರೇಕ್ ಬೇಡ!"

ಕೊಟ್ಟರು. ನಾಲ್ಕು ಚಕ್ರವೂ ಒಟ್ಟಿಗೆ ಮಣ್ಣು ಕಚ್ಚಿದವು. ಮುಂದಿನ ಎರಡು ಚಕ್ರ ಹಿಂದಿನದನ್ನು ಅಂಚಿನಿಂದ ಎಳೆದು ದಾರಿಯ ಮಧ್ಯಕ್ಕೆ ತಂದು ನಿಲ್ಲಿಸಿದವು. ಇವರು ಕಾಲು ತೆಗೆದರು. ಗಾಡಿ ಮತ್ತೆ ಎಮ್ಮೆಯ ಹೆಜ್ಜೆಗೆ ಬಂತು. ಹಲಸಿನ ತಿರುವನ್ನು ಅದೇ ಹೆಜ್ಜೆಯಲ್ಲಿ ಸುತ್ತಿದೆವು. ಅಲ್ಲಿಂದ ಮನೆಯ ಹೆಂಚು ಕಂಡಿತು, ನಾಯಿ ಎದುರಿಗೆ ಓಡಿ ಬಂತು. ಅದಕ್ಕೆ ಹಂದಿಮಾಂಸದ ವಾಸನೆ ಸಿಕ್ಕಿತ್ತು.

ಅಂಗಳದಲ್ಲಿ ನಿಂತ ಮೇಲೆ ಇವರು ಇಂಜಿನ್ ಆಫ್ ಮಾಡಿ, ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು. ಒಂದು ಉಗುರು ಸೀಳಿ ರಕ್ತ ಬಂದಿತ್ತು.

"ನೋಡ್ದಾ?" ಅಂದರು.

"ನೋಡ್ದೆ."

"ಇನ್ನೂ ಹೋಗ್ತದೆ."

ನಾನು ಆ ಕೈಯನ್ನು ಎತ್ತಿಕೊಂಡು ನನ್ನ ಸೆರಗಿನಲ್ಲಿ ಸುತ್ತಿದೆ. ಇಬ್ಬರೂ ಬಹಳ ಹೊತ್ತು ಇಳಿಯಲಿಲ್ಲ. ಕೊನೆಗೆ ಇವರು ಎಡಗೈಯಲ್ಲೇ ಗಾಜು ಇಳಿಸಿ, ಹೊರಗೆ ಕೈ ಹಾಕಿ, ಎಂದಿನ ಹಾಗೆ ತಡಕಾಡಿ ಬಾಗಿಲು ತೆಗೆದರು. ನನಗೆ ನಾಚಿಕೆ ಆಗಲಿಲ್ಲ.

ಮರುದಿನ ಗಾನವಿ ಬಂದಳು. ನಡುಮನೆಯಲ್ಲಿ ಮಣೆ ಹಾಕಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಇಟ್ಟೆವು. ಮಾವನ ಕಾಲದ ನೇಗಿಲಿನ ಗುಳ ಇಟ್ಟೆವು. ಪಿಕಪ್ಪಿನ ಕೀ ಇಟ್ಟೆವು. ಪಂಚೆಯ ಗಂಟು ಬಿಚ್ಚಿ ಆ ಎರಡು ಹಿಡಿಗಳನ್ನು ಕೋವಿಯ ಪಕ್ಕದಲ್ಲಿ ಇಟ್ಟದ್ದು ನಾನು. ಇವರು ಗಂಧ ತೇಯುತ್ತಿದ್ದವರು ಒಮ್ಮೆ ಕೈ ನಿಲ್ಲಿಸಿದರು, ಮತ್ತೆ ತೇಯ್ದರು.

"ಇದೆಂತ ಅಪ್ಪ? ಇದ್ಕೂ ಪೂಜೆಯಾ?" ಗಾನವಿ ನಕ್ಕಳು.

ನಾನು ಏನಾದರೂ ಹೇಳಿ ತೇಲಿಸಬೇಕು ಅಂತ ಬಾಯಿ ತೆರೆದೆ. ಇವರು ಕೈ ಅಡ್ಡ ಹಿಡಿದರು. ಗಂಧದ ಕಲ್ಲನ್ನು ಬದಿಗಿಟ್ಟು ಮಗಳ ಮುಖ ನೋಡಿದರು.

"ನೀ ಕೂಸಾಗಿದ್ದಾಗ ಜೀಪ್ ಹಲಸಿನ ಮರಕ್ಕೆ ಗುದ್ದಿದ್ ಕೇಳಿದ್ದಿಯಲ್ಲ? ನನ್ನ ಅದ್ ಎಸ್ದದ್ ಅಲ್ಲ, ಮಗಾ. ನಾ ಹಾರ್ದೆ. ನಿಂಗಳ ಇಬ್ರನ್ನೂ ಬಿಟ್ಟ್ ಹಾರ್ದೆ."

ಗಾನವಿ ನನ್ನನ್ನು ನೋಡಿದಳು. ಹತ್ತೊಂಬತ್ತು ವರ್ಷದ ಹಿಂದೆ ಊರವರು ನೋಡಿದ ಹಾಗೆಯೇ. ಈ ಸಲವೂ ನಾನು ಹೌದು ಅಂದೆ.

ಕೋವಿಯ ನಳಿಗೆಗೆ ಸಿಕ್ಕಿಸಲು ತಂದಿದ್ದ ತೋಕ್ ಪೂ ಅವಳ ಕೈಯಲ್ಲೇ ಇತ್ತು. ಕೈಲ್ ಮುಹೂರ್ತದ ದಿನ ಕೋವಿಗೆ ಮುಡಿಸುವ ಕೆಂಪು ಹೂವು ಅದು. ಅದರಲ್ಲಿ ಒಂದನ್ನು ಮುರಿದು ಕಬ್ಬಿಣದ ಹಿಡಿಯ ಮೇಲಿಟ್ಟಳು. ಆಮೇಲೆ ಅಪ್ಪನ ಉಗುರಿಗೆ ಏನಾಗಿದೆ ಅಂತ ಕೇಳಿದಳು.

ಊಟ ಆದ ಮೇಲೆ ಅವಳೇ ಸ್ಕ್ರೂಡ್ರೈವರು ತಂದಳು. "ಕೊಡಮ್ಮ, ಹಾಕಿಬಿಡ್ತೇನೆ. ಎರಡು ನಿಮಿಷದ ಕೆಲಸ," ಅಂದಳು. ನಾನು ಬೇಡ ಅಂದೆ. ಹಿಡಿಗಳನ್ನು ಅದೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ.

ಈಗ ನಾನು ಗಾಡಿ ಕಲಿಯುತ್ತಿದ್ದೇನೆ. ಇವರು ಎಡಗಡೆ ಕೂತು, ಇಳಿಜಾರು ಬಂದ ಕೂಡಲೇ "ಗಾಡಿ ನಿಲ್ಸ್, ಫೋರ್ ಎಲ್ ಹಾಕ್" ಅನ್ನುತ್ತಾರೆ, ತಾವೇ ಕಂಡುಹಿಡಿದವರ ಹಾಗೆ. ಹಲಸಿನ ತಿರುವಿನಲ್ಲಿ ನಾನು ಎರಡೂ ಕಾಲು ಹಿಂದಕ್ಕೆಳೆದು ಕೂತಾಗ ಒಂದೊಂದು ಸಲ ಗಾಡಿ ತುಸು ಅಲುಗುತ್ತದೆ. ಆಗ ನನ್ನ ಕೈ ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ. ಅದಕ್ಕೇ ಹಿಡಿ ಹಾಕಿಸಿಲ್ಲ. ಇಳಿಯಬೇಕಾದರೆ ನಾನೂ ಗಾಜು ಇಳಿಸಿ, ಹೊರಗೆ ಕೈ ಹಾಕಿ ತೆಗೆಯುತ್ತೇನೆ.